ನಾಲ್ಕು ಡಿಗ್ರಿ: ಮಗಳಿಗೊಂದು ಪತ್ರ

ದಾವಣಗೆರೆ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. "ಇಲ್ಲಿ ಏನು ಕೇಳಿದ್ರೂ ಎಲ್ಲಾ ಸರಿ ಇದೆ ಮೇಡಂ ಅಂತಾರಮ್ಮ" ಅಂದೆ. ನಿನಗೆ ಅದು ಸಣ್ಣ ಬೇಜಾರು. ನನಗೆ ಹೆದರಿಕೆಯಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊಳಕಾಲ್ಮೂರು ಕಡೆಯ ಆ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಈಗ ಡಾಕ್ಟರಾಗಿ ನೀನೇ ಹಿರಿಯಳು. ಸ್ಟಾಫ್ ನರ್ಸು, ಫಾರ್ಮಸಿಸ್ಟು, ಲ್ಯಾಬಿನವರು, ಸಬ್‌ಸೆಂಟರಿನ ಸಿಸ್ಟರುಗಳು, ಊರೂರಿನ ಆಶಾ ಕಾರ್ಯಕರ್ತೆಯರು, ಆಯಮ್ಮ, ಎಲ್ಲರೂ ಬೆಳಿಗ್ಗೆ ಬಂದ ತಕ್ಷಣ ನಿನ್ನ ಮುಖ ನೋಡುತ್ತಾರೆ. ಅವರಲ್ಲಿ ಕೆಲವರಿಗೆ ನಿನಗಿಂತ ಎರಡರಷ್ಟು ವಯಸ್ಸು. ನಿನ್ನಮ್ಮ ಸರ್ವಿಸ್ ಪೂರ್ತಿ ಇದ್ದದ್ದು ಅವರ ಜಾಗದಲ್ಲಿ. ಹಾಗಾಗಿ ಆ ಕಡೆಯಿಂದ ನೋಡಿದವಳಾಗಿ ಹೇಳುತ್ತೇನೆ. ನನ್ನ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ನೀನು ಹುಟ್ಟುವ ಮೊದಲಿನ ಮಾತು. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚೆ ಮೀಟಿಂಗ್ ಅಂದರೆ ಚಿತ್ರದುರ್ಗದ ಬಸ್ಸು ಹತ್ತಬೇಕಿತ್ತು. ನಾನಾಗ ಸಬ್‌ಸೆಂಟರಿನ ಸಿಸ್ಟರ್ (ಎಎನ್‌ಎಂ) ಕೆಲಸದಿಂದ ಪ್ರಮೋಷನ್ ಆಗಿ ಅವರ ಮೇಲ್ವಿಚಾರಕಿ, ಎಲ್‌ಎಚ್‌ವಿ ಆಗಿದ್ದೆ. ಕೈಕೆಳಗೆ ಆರು ಜನ ಸಿಸ್ಟರುಗಳು. ಎಲ್ಲವೂ ನೆಟ್ಟಗಿರಬೇಕು ಅನ್ನುವ ಹಟ ನನಗೆ.

ಲಸಿಕೆ ಇಡುವ ಫ್ರಿಜ್, ಐಎಲ್‌ಆರ್ ಗೊತ್ತಲ್ವಾ? ಒಳಗೆ 2ರಿಂದ 8 ಡಿಗ್ರಿ ಇರಬೇಕು. ದಿನಕ್ಕೆ ಎರಡು ಸಲ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಏಪ್ರಿಲ್ ಬಿಸಿಲು, ಗಂಟೆಗಟ್ಟಲೆ ಕರೆಂಟ್ ಇಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಒಂದು ದಿನ 10 ಅಂತ ಬರೆದಳು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು. ನಾನು ತಿಂಗಳ ಮೀಟಿಂಗಿನಲ್ಲಿ ಎಲ್ಲರ ಎದುರು ಅವಳನ್ನು ಎಬ್ಬಿಸಿ ನಿಲ್ಲಿಸಿ ಬೈದೆ. "ಮಕ್ಕಳಿಗೆ ಹಾಕೋ ಔಷಧಿ ಕಣೇ ಅದು, ಜವಾಬ್ದಾರಿ ಇಲ್ವಾ ನಿಂಗೆ?" ಅಂದೆ. ಕರೆಂಟ್ ಹೋದರೆ ಅವಳೇನು ಮಾಡಿಯಾಳು? ತಲೆ ಬಗ್ಗಿಸಿಕೊಂಡು ನಿಂತಳು. ಸೇರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಮಾರನೇ ದಿನದಿಂದ ಪುಸ್ತಕದಲ್ಲಿ ಬರೀ ನಾಲ್ಕು. ಬೆಳಿಗ್ಗೆ 4, ಸಂಜೆ 4. ಕರೆಂಟ್ ಇದ್ದರೂ 4, ಇಲ್ಲದಿದ್ದರೂ 4. ನಾನು ಖುಷಿಯಾಗಿ ಪ್ರತಿ ವಾರ ಸಹಿ ಹಾಕಿದೆ. ನನ್ನ ಬೈಗುಳ ಕೆಲಸ ಮಾಡಿತು ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಬುಧವಾರ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಲಸಿಕೆಯ ಬುಡ್ಡಿ ಕೈಗೆ ತೆಗೆದುಕೊಂಡೆ. ಅಲ್ಲಾಡಿಸಿದೆ. ಹಾಲಿನ ಹಾಗೆ ಒಂದೇ ಸಮ ಆಗಬೇಕಾದದ್ದು, ಒಡೆದ ಹಾಲಿನ ಹಾಗೆ ಚೂರುಚೂರಾಗಿ ತೇಲುತ್ತಿತ್ತು. ಎದೆ ಧಸಕ್ಕೆಂದಿತು. ಪೋಲಿಯೋ ಹನಿ ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ಡಿಪಿಟಿ, ಧನುರ್ವಾಯುವಿನ ಟಿಟಿ ಹಾಗಲ್ಲ. ಒಂದು ಸಲ ಗಡ್ಡೆ ಕಟ್ಟಿತೋ, ಅದರ ಶಕ್ತಿ ಹೋಯಿತು. ಬೇರೆ ಬುಡ್ಡಿಯೊಂದನ್ನು ಬೇಕಂತಲೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ತಳಕ್ಕೆ ಇಳಿಯಿತು. ಅಂದರೆ ನಮ್ಮ ಬುಡ್ಡಿಯೂ ಹೆಪ್ಪುಗಟ್ಟಿತ್ತು, ಅನುಮಾನ ಉಳಿಯಲಿಲ್ಲ.

ಆಗಿದ್ದು ಇಷ್ಟೇ. ಮತ್ತೆ 10 ಬಂದರೆ ನಾನು ಬೈತೀನಿ ಅಂತ ಆ ಹುಡುಗಿ ಐಎಲ್‌ಆರ್‌ನ ತಂಪು ಹೆಚ್ಚುಕಡಿಮೆ ಮಾಡುವ ಗುಂಡಿಯನ್ನು ಪೂರ್ತಿ ತಂಪಿನ ಕಡೆಗೆ ತಿರುಗಿಸಿಟ್ಟಿದ್ದಳು. ಮೇಲಿನ ಬುಟ್ಟಿಯಲ್ಲಿರಬೇಕಾದ ಡಿಪಿಟಿ ತಳಕ್ಕೆ ಹೋಗಿತ್ತು. ತಳವೇ ಜಾಸ್ತಿ ತಣ್ಣಗಿರುವ ಜಾಗ. ಥರ್ಮಾಮೀಟರ್ ನೋಡುವುದನ್ನೇ ಬಿಟ್ಟಿದ್ದಳು, ನೋಡಲು ಭಯ.

ನನಗೆ ಇವತ್ತಿಗೂ ಚುಚ್ಚುವುದು ಇದಲ್ಲ. ನಮ್ಮ ಆಯಮ್ಮನಿಗೆ ಅದು ಮೊದಲೇ ಗೊತ್ತಿತ್ತು. ಫ್ರಿಜ್ ಒರೆಸುವಾಗ ಬುಡ್ಡಿಯೊಳಗೆ ಐಸ್ ನೋಡಿದ್ದಳು. ಓದು ಬರಹ ಬಾರದ ಹೆಂಗಸು, ಆದರೂ ಏನೋ ಸರಿಯಿಲ್ಲ ಅನಿಸಿ ಆ ಹುಡುಗಿಗೆ ಹೇಳಿದ್ದಳು. "ಸುಮ್ನಿರು, ಮೇಡಂ ಬೈತಾರೆ" ಅಂತ ಉತ್ತರ ಬಂದಿತ್ತು. ನನಗೇಕೆ ಹೇಳಲಿಲ್ಲ ಅಂತ ಕೇಳಿದೆ. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಉತ್ತರ ನನಗೆ ಗೊತ್ತಾಯಿತು.

ಅದೇ ಬುಡ್ಡಿಗಳಿಂದ ಹಿಂದಿನ ಗುರುವಾರಗಳಲ್ಲಿ ಮಕ್ಕಳಿಗೆ ಹಾಕಿದ್ದೆವು. ಡಾಕ್ಟರಿಗೆ ಹೋಗಿ ಎಲ್ಲಾ ಹೇಳಿದೆ. ರಿಜಿಸ್ಟರ್ ನೋಡಿ ಹೆಸರು ಹುಡುಕಿ, ಆ ಹುಡುಗಿಯೂ ನಾನೂ ಊರೂರು ಸುತ್ತಿ ಮತ್ತೆ ಲಸಿಕೆ ಹಾಕಿದೆವು. "ಯಾಕವ್ವ ಇನ್ನೊಂದ್ಸಲ ಚುಚ್ತೀರಿ, ಕೂಸು ಜ್ವರದಾಗ ನರಳ್ತೈತೆ" ಅಂತ ತಾಯಂದಿರು ಕೇಳಿದರು. ಮೊದಲು ಹಾಕಿದ್ದು ಕೆಟ್ಟಿತ್ತು, ತಪ್ಪು ನಮ್ಮದು ಅಂತ ಪ್ರತಿ ಬಾಗಿಲಲ್ಲೂ ನಾನೇ ಹೇಳಿದೆ. ಹುಡುಗಿಯ ಬಾಯಿಂದ ಹೇಳಿಸಲಿಲ್ಲ. ಒಬ್ಬಿಬ್ಬರು ಬೈದು ಕಳಿಸಿದರು. ಉಳಿದವರು ಮಗುವನ್ನು ಕೊಟ್ಟರು. ಒಂದು ಮನೆಯಲ್ಲಿ ಮಜ್ಜಿಗೆಯನ್ನೂ ಕೊಟ್ಟರು.

ಮುಂದಿನ ಮೀಟಿಂಗಿನಲ್ಲಿ, ಬೈದ ಜಾಗದಲ್ಲೇ ನಿಂತು, 10 ಬರೆದದ್ದು ಸರಿ, ಬೈದದ್ದು ತಪ್ಪು ಅಂದೆ. ಆಮೇಲೆ ಯಾರಾದರೂ ಕೆಟ್ಟ ಸುದ್ದಿ ತಂದರೆ ನನ್ನ ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು, ಈಗ ಏನ್ ಮಾಡೋಣ?" ಅಂತಲೇ ಇರಬೇಕು ಅಂದುಕೊಂಡೆ. ಸುಲಭ ಇರಲಿಲ್ಲ. ಸಿಟ್ಟು ಬಾಯಿತನಕ ಬರುತ್ತಿತ್ತು. ಬಾಗಿಲು ಹಾಕಿಕೊಂಡು ಒಬ್ಬಳೇ ನಿಂತದ್ದೂ ಉಂಟು. ಜನ ನಂಬಲು ವರ್ಷವೇ ಹಿಡಿಯಿತು.

ಹಾಗಂತ ಎಲ್ಲವನ್ನೂ ಬಿಟ್ಟುಬಿಡು ಅನ್ನುತ್ತಿಲ್ಲ. ಹೆರಿಗೆ ಆದವರ ಮನೆಯವರ ಹತ್ತಿರ ಯಾರಾದರೂ ದುಡ್ಡು ಕೇಳಿದರೆ ಅದು ತಪ್ಪಿ ಆದದ್ದಲ್ಲ. ಅಲ್ಲಿ ಗಟ್ಟಿಯಾಗಿ ನಿಲ್ಲು, ಲಿಖಿತದಲ್ಲೇ ವಿವರಣೆ ಕೇಳು.

ಇನ್ನೊಂದು ಮಾತು, ಆಶಾಗಳದ್ದು. ಅವರಿಗೆ ಸಿಗುವ ಪ್ರೋತ್ಸಾಹಧನ ಮಾಡಿದ ಕೆಲಸದ ಲೆಕ್ಕದ ಮೇಲೆ ಬರುತ್ತದೆ. ಆ ಫಾರಂ ನಿನ್ನ ಟೇಬಲ್ ಮೇಲೆ ಒಂದು ದಿನ ಜಾಸ್ತಿ ಉಳಿದರೂ ಯಾರದೋ ಮನೆಯ ರೇಷನ್ನಿಗೆ ತೊಂದರೆ. ಬಂದ ದಿನವೇ ಸಹಿ ಹಾಕು. ಮೀಟಿಂಗ್ ಅವರ ಕೊನೇ ಬಸ್ಸಿಗೆ ಮುಂಚೆ ಮುಗಿಸು.

ನೀನು ಇಂಟರ್ನ್‌ಶಿಪ್‌ನಲ್ಲಿದ್ದಾಗ ಒಂದು ದಿನ ಆಪರೇಷನ್ ಥಿಯೇಟರಿನಿಂದ ಬಂದು ಎಷ್ಟು ಸಂತೋಷದಿಂದ ಹೇಳಿದ್ದೆ, ನೆನಪಿದೆಯಾ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟ್, 19 ಅಂಶಗಳದ್ದು. ಚಾಕು ಹಾಕುವ ಮುಂಚೆ ಥಿಯೇಟರಿನಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂದಿದ್ದೆ. ಒಂದು ಸಲ ಬಾಯಿಬಿಟ್ಟು ಹೆಸರು ಹೇಳಿದವರು, ಆಮೇಲೆ ಏನಾದರೂ ತಪ್ಪು ಕಂಡರೆ ಅದನ್ನೂ ಹೇಳುತ್ತಾರೆ ಅಂತ ನೀನೇ ನನಗೆ ವಿವರಿಸಿದ್ದೆ. ನಮ್ಮ ಕಾಲದಲ್ಲಿ ಇದು ಇದ್ದಿದ್ದರೆ ಅಂತ ನಾನು ಆ ರಾತ್ರಿ ನಮ್ಮ ಆಯಮ್ಮನನ್ನು ನೆನೆದು ಅತ್ತಿದ್ದೆ. ನಿನಗೆ ಹೇಳಿರಲಿಲ್ಲ.

ನಿನ್ನ ಅಪ್ಪಾಜಿ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾರೆ, ಬುಧವಾರ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ಅಲ್ಲಿಯವರಿಗೂ ಕೊಡು. ಗುರುವಾರ ನಿನಗೆ ಲಸಿಕೆ ಗಲಾಟೆ, ಶುಕ್ರವಾರ ಫೋನ್ ಮಾಡು. ನಿಮ್ಮ ಐಎಲ್‌ಆರ್ ಪುಸ್ತಕದಲ್ಲಿ ಏನು ಬರೆದಿದೆ ಅಂತ ನೋಡಿ ಹೇಳು, ನೀನೇ ಮುಚ್ಚಳ ತೆಗೆದು ಥರ್ಮಾಮೀಟರನ್ನೂ ನೋಡು. ಆಮೇಲೆ, ಬೆಳಿಗ್ಗೆ ನಿನ್ನ ರೂಮು ಗುಡಿಸುವ ಆಯಮ್ಮ ಒಬ್ಬರು ಇದ್ದಾರೆ ಅಂದೆಯಲ್ಲ, ಅವರ ಹೆಸರೇನು?

ನಿನ್ನ
ಅಮ್ಮ