ಮೊದಲೇ ಗುರುತು ಬಿದ್ದ ಚೌಕ

ಮಾನ್ಯರೇ,

2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಶುರುವಾದಾಗ, ಅಂಗಡಿಯವನ ಮುಖ ನೋಡದೆ ಹಣ ಕೊಡಲು ನಮ್ಮಲ್ಲಿ ಬಹಳಷ್ಟು ಜನ ಅಳುಕುತ್ತಿದ್ದೆವು. ಸಂತೆಯಲ್ಲಾದರೆ ತಕ್ಕಡಿಯ ಮುಳ್ಳು ಕಣ್ಣೆದುರೇ ನಿಲ್ಲುತ್ತಿತ್ತು, ಕೊಸರನ್ನೂ ಕೇಳಿ ಪಡೆಯಬಹುದಿತ್ತು. ಈಗ ಮೋಸ ಪರದೆಯೊಳಗೆ ಸೇರಿಕೊಂಡಿದೆ. ಕಳೆದ ವಾರ ತಾಯಿಗೆ ಕುಕ್ಕರ್ ತರಿಸುವಾಗ, ನಾನು ಕೇಳದೇ ಇದ್ದ ವಿಮೆಯ ಚೌಕದಲ್ಲಿ ಮೊದಲೇ ಗುರುತು ಬಿದ್ದಿತ್ತು. ಗ್ರಾಹಕರ ಒಪ್ಪಿಗೆಯನ್ನು ಹೀಗೆ ತಾನಾಗಿ ದಾಖಲಿಸಿಕೊಳ್ಳುವುದನ್ನು 2020ರ ಇ-ಕಾಮರ್ಸ್ ನಿಯಮಗಳೂ, ಕೇಳದ್ದನ್ನು ಬುಟ್ಟಿಗೆ ತುರುಕುವುದನ್ನು ಆನ್‌ಲೈನ್ ವಂಚನೆಯ ತಂತ್ರಗಳ ವಿರುದ್ಧದ ಕೇಂದ್ರದ 2023ರ ಮಾರ್ಗಸೂಚಿಯೂ ನಿಷೇಧಿಸಿವೆ. ಕೃತಕ ಬುದ್ಧಿಮತ್ತೆಯ ಯಂತ್ರವೇ ನಮ್ಮ ಪರವಾಗಿ ಖರೀದಿಸುವ ದಿನ ಬಂದರೆ ಆ ಚೌಕ ನಮ್ಮ ಕಣ್ಣಿಗೂ ಬೀಳದು. ಆದ್ದರಿಂದ ದೂರು ಬರುವವರೆಗೆ ಕಾಯದೆ ಸರ್ಕಾರವೇ ಆ್ಯಪ್‌ಗಳನ್ನು ತಪಾಸಣೆ ಮಾಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯನ್ನು ಹಣ ಪಾವತಿಯ ಪುಟದಲ್ಲೇ ಕನ್ನಡದಲ್ಲಿ ತೋರಿಸುವುದನ್ನು ಕಡ್ಡಾಯಗೊಳಿಸಬೇಕು.

ಇಂತಿ,
ಓರ್ವ ಗ್ರಾಹಕ, ತಿಪಟೂರು