ಹಳೆಯ ಚಿತ್ರಕಥೆಗಳಿಗೆ ಹಿರಿತನದ ವಿನಾಯಿತಿ ಎಲ್ಲಿಯವರೆಗೆ?

ಮಾನ್ಯರೇ,

ಆಫ್ರಿಕಾದ ಕಾಡೊಂದರಲ್ಲಿ ನಾನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಒಂದೇ ಬಿಳಿಯ ಮನೆತನ ತಲೆಬುರುಡೆಯ ಸಿಂಹಾಸನದ ಮೇಲೆ ಕುಳಿತು ನ್ಯಾಯ ತೀರ್ಮಾನಿಸುತ್ತಿದೆ, ಸುತ್ತಲಿನ ಬುಡಕಟ್ಟುಗಳವರು ಅಪ್ಪ, ಮಗ, ಮೊಮ್ಮಗ ಎಲ್ಲರನ್ನೂ ಸಾವಿಲ್ಲದ ಒಬ್ಬನೇ ಮನುಷ್ಯನೆಂದು ನಂಬಿ ನಡೆದುಕೊಳ್ಳುತ್ತಿದ್ದಾರೆ ಎಂಬ ಕಥೆಯನ್ನು ಇಂದು ಹೊಸ ಲೇಖಕನೊಬ್ಬ ಬರೆದು ತಂದರೆ, ಯಾವ ಪ್ರಕಾಶಕರೂ ಅದನ್ನು ಎರಡನೆಯ ಪುಟದಾಚೆ ಓದಲಾರರು. ಆದರೆ ಅಮೆರಿಕದ ಲೀ ಫಾಕ್ 1936ರ ಫೆಬ್ರುವರಿ 17ರಂದು ಆರಂಭಿಸಿದ ‘ಫ್ಯಾಂಟಮ್’ ಚಿತ್ರಕಥೆಯ ಚೌಕಟ್ಟು ಇದೇ ಆಗಿದ್ದು, ಅದು ಇಂದಿಗೂ ಹೊಸ ಹೊಸ ಕಂತುಗಳಲ್ಲಿ ಮುಂದುವರಿಯುತ್ತಿದೆ. ದೀರ್ಘಕಾಲ ನಡೆದುಬಂದ ಕೃತಿಗಳಿಗೆ ಸಲ್ಲುವ ಈ ವಿನಾಯಿತಿಯನ್ನು ಕುರಿತು, ಅದರಲ್ಲೂ ಭಾರತೀಯ ಓದುಗರಾದ ನಾವು ಅದನ್ನು ಹೇಗೆ ಹಂಚಿದೆವು ಎಂಬುದನ್ನು ಕುರಿತು, ಕೆಲವು ಮಾತು ಬರೆಯಬಯಸುತ್ತೇನೆ.

ಹಳೆಯದೆಲ್ಲವೂ ತೊಲಗಲಿ ಎಂಬುದು ನನ್ನ ವಾದವಲ್ಲ. ದಿನಕ್ಕೆ ಎರಡು ಮೂರು ಚೌಕಗಳಷ್ಟೇ ಜಾಗವಿರುವ ಕಥೆಯಲ್ಲಿ ಮೊದಲ ಚೌಕವನ್ನು ನಿನ್ನೆಯ ಕಥೆ ನೆನಪಿಸುವುದಕ್ಕೇ ಬಳಸುವುದು, ಉಂಗುರದ ಒಂದೇ ಗುದ್ದಿಗೆ ದುಷ್ಟನ ದವಡೆಯ ಮೇಲೆ ಎಂದೂ ಅಳಿಸದ ಬುರುಡೆಯ ಗುರುತು ಮೂಡುವುದು, ಮಾತುಮಾತಿಗೂ ಕಾಡಿನ ಹಳೆಯ ಗಾದೆಯೊಂದು ಬಂದು ನಿಲ್ಲುವುದು, ಇವೆಲ್ಲ ಆ ಪ್ರಕಾರದ ವ್ಯಾಕರಣಕ್ಕೆ ಸೇರಿದವು. 1977ರಲ್ಲಿ ಡಯಾನಾಳನ್ನು ಮದುವೆಯಾಗಿ 1979ರಲ್ಲಿ ಅವಳಿ ಮಕ್ಕಳ ತಂದೆಯಾದ ನಾಯಕನಿಗೆ ಇಂದಿಗೂ ಒಂದು ನರೆಗೂದಲು ಕಾಣಿಸಿಕೊಂಡಿಲ್ಲವೆಂದರೆ ಓದುಗನಿಗೆ ನಷ್ಟವೇನೂ ಇಲ್ಲ. ಇಂಥವುಗಳನ್ನು ತಿದ್ದಹೊರಟರೆ ಕಥೆಯ ರುಚಿಯೇ ಕೆಡುತ್ತದೆ.

ತಕರಾರು ಇರುವುದು ಕಥೆಯ ಬುಡದಲ್ಲಿ. 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಬದುಕುಳಿದು ದಡ ಸೇರಿದ ಬಿಳಿಯ ತರುಣ, ವಸಾಕ ಎಂಬ ಜನರು ಪೂಜಿಸುತ್ತಿದ್ದ ದೆವ್ವದ ವಿಗ್ರಹದಂತೆಯೇ ವೇಷ ತೊಟ್ಟು ಅವರನ್ನು ಬೆದರಿಸಿ, ಅವರ ಗುಲಾಮರಾಗಿದ್ದ ಬಂಡಾರ್ ಜನರನ್ನು ಬಿಡಿಸುತ್ತಾನೆ. ಕಾಡಿನವರ ಮೂಢನಂಬಿಕೆಯೇ ಅವನ ಅಧಿಕಾರದ ಮೂಲಧನ. ಆ ಧನವನ್ನು ಇಪ್ಪತ್ತೊಂದನೆಯ ತಲೆಮಾರಿನವನೂ ಖರ್ಚು ಮಾಡುತ್ತಲೇ ಇದ್ದಾನೆ. ಅವನು ಸಾಯುವ ಮನುಷ್ಯನೆಂಬ ಗುಟ್ಟು ಕಾಡಿನಲ್ಲಿ ಬಂಡಾರರಿಗೆ ಮಾತ್ರ ಗೊತ್ತು, ಅವರು ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ.

ಕಾಲ ಬದಲಾದಂತೆ ಕಥೆಗೆ ತೇಪೆ ಹಚ್ಚದೆ ಇಲ್ಲ. ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾದ 1960ರ ದಶಕದಲ್ಲಿ ಕಥೆಯ ನಾಡಿಗೂ ಲಮಾಂಡ ಲುವಾಗ ಎಂಬ ಕಪ್ಪುವರ್ಣದ ಅಧ್ಯಕ್ಷ ಬಂದ. ಕಾಡಿನ ಗಸ್ತುಪಡೆಗೆ ಮುಂದೆ ಕರ್ನಲ್ ವೊರುಬು ಎಂಬ ಕಪ್ಪು ಅಧಿಕಾರಿಯೂ ಬಂದ. ಆದರೆ ಆ ಪಡೆಯ ಕಚೇರಿಯಲ್ಲಿರುವ ತಿಜೋರಿಯನ್ನು ಗಮನಿಸಿ. ಹಳೆಯ ಬಾವಿಯೊಂದರಿಂದ ಸುರಂಗ ಹಿಡಿದು ಬರುವ ಫ್ಯಾಂಟಮ್ ಅದರ ತಳದಿಂದ ಕೈಹಾಕಿ ಆದೇಶದ ಚೀಟಿಯನ್ನು ಇಟ್ಟುಹೋಗುತ್ತಾನೆ. ಕರ್ನಲ್ ತಿಜೋರಿ ತೆರೆದು, ತಾನೆಂದೂ ಮುಖ ನೋಡದ ದಂಡನಾಯಕನ ಅಪ್ಪಣೆಯನ್ನು ಪಾಲಿಸುತ್ತಾನೆ. ಚುನಾಯಿತ ಅಧ್ಯಕ್ಷನಿರುವ ದೇಶದಲ್ಲಿ ಶಸ್ತ್ರಸಜ್ಜಿತ ಪಡೆಯೊಂದು ವಂಶಪಾರಂಪರ್ಯದ, ಮುಸುಕುಧಾರಿ, ಬಿಳಿಯ ಯಜಮಾನನ ಚೀಟಿಯ ಮೇಲೆ ನಡೆಯುತ್ತದೆ ಎಂಬುದು ಕಥೆಯಲ್ಲಿ ಯಾರಿಗೂ ಅಸಹಜವೆನಿಸುವುದಿಲ್ಲ.

ಇನ್ನು ನಮ್ಮ ಪಾಲಿನ ವಿಷಯ. ಮೊದಲಲ್ಲಿ ಈ ಕಥೆಯ ನಾಡು ಆಫ್ರಿಕಾದಲ್ಲಿರಲಿಲ್ಲ. ಬಂಗಾಳವನ್ನು ನೆನಪಿಸುವ ಹೆಸರು ಹೊತ್ತು ಏಷ್ಯಾದಲ್ಲೆಲ್ಲೋ ಇತ್ತು, ಅದರ ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು, ಹಿಂದಿನ ಫ್ಯಾಂಟಮ್‌ನನ್ನು ಕೊಂದವನ ಹೆಸರು ರಾಮ ಎಂದಿತ್ತು. ನಂತರ ನಾಡು ಸದ್ದಿಲ್ಲದೆ ಆಫ್ರಿಕಾಕ್ಕೆ ಸ್ಥಳಾಂತರವಾಯಿತು. (ಹುಲಿಗಳು ಮಾತ್ರ ಹಿಂದೆ ಉಳಿಯಲೊಪ್ಪಲಿಲ್ಲ, ಈಡನ್ ಎಂಬ ದ್ವೀಪದಲ್ಲಿ ಸಿಂಹಗಳ ಜೊತೆ ಮೀನು ತಿಂದುಕೊಂಡು ಅವು ಇಂದಿಗೂ ಹಾಯಾಗಿವೆ.) 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಆರಂಭಿಸಿ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಈ ಕಥೆಗಳನ್ನು ತಲುಪಿಸಿದಾಗ, ಸಂಪಾದಕರು ಕತ್ತರಿ ಕೈಗೆತ್ತಿಕೊಂಡರು. ಬಂಗಾಳದ ನೆನಪು ತರುವ ನಾಡು ಡೆಂಕಾಲಿಯಾಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು, ರಾಮನು ರಾಮಲು ಆದ.

ಈ ತಿದ್ದುಪಡಿಗಳ ಹಿಂದಿದ್ದ ಎಚ್ಚರ ಅರ್ಥವಾಗುವಂಥದ್ದೇ. ಆದರೆ ಅದೇ ಎಚ್ಚರ ಯಾರ ಬಗ್ಗೆ ಇರಲಿಲ್ಲ ಎಂಬುದನ್ನೂ ನೋಡಬೇಕಲ್ಲವೇ? ನಮ್ಮ ದೇವರ ಹೆಸರನ್ನು, ನಮ್ಮ ಒಂದು ಸಮುದಾಯದ ಹೆಸರನ್ನು, ನಮ್ಮ ಒಂದು ಪ್ರಾಂತ್ಯದ ಹೆಸರನ್ನು ಜೋಪಾನವಾಗಿ ಹೊರತೆಗೆದ ಮೇಲೆ, ವಿಷಬಾಣ ಹಿಡಿದ ಕುಳ್ಳ ಬಂಡಾರರೂ ಸಿಂಹಾಸನದ ಪಕ್ಕದಲ್ಲಿ ಸದಾ ನಿಂತೇ ಇರುವ ಅವರ ಮುಖ್ಯಸ್ಥ ಗುರಾನನೂ ಹಾಗೆಯೇ ಉಳಿದರು. ಅದನ್ನು ಓದಿ ನೊಂದುಕೊಳ್ಳಬಹುದಾದವರು ನಮ್ಮ ಅಂಗಡಿಗಳಲ್ಲಿ ಪುಸ್ತಕ ಕೊಳ್ಳುವವರಾಗಿರಲಿಲ್ಲ, ಅಷ್ಟೇ. ಹಳೆಯ ಕೃತಿ, ಹೊಂದಿಕೊಂಡು ಹೋಗೋಣ ಎಂಬ ಉದಾರತೆಯನ್ನು ನಾವು ಬೇರೆಯವರ ಖಾತೆಯಿಂದಲೇ ಕೊಟ್ಟೆವು.

ಬುಡವನ್ನೇ ಮುಟ್ಟಿದರೆ ಕಥೆ ಸತ್ತುಹೋಗುತ್ತದೆ ಎನ್ನುವವರಿಗೆ ಇದೇ ಲೀ ಫಾಕ್‌ನ ಇನ್ನೊಂದು ಚಿತ್ರಕಥೆಯೇ ಉತ್ತರ. 1934ರಲ್ಲಿ ಆರಂಭವಾದ ‘ಮಾಂಡ್ರೇಕ್’ನಲ್ಲಿ ಜಾದೂಗಾರನ ಸಂಗಾತಿ ಲೋಥಾರ್ ಚಿರತೆಯ ಚರ್ಮ ಹೊದ್ದು, ತಲೆಗೆ ತುರ್ಕಿ ಟೋಪಿ ಇಟ್ಟು, ಹರುಕುಮುರುಕು ಇಂಗ್ಲಿಷ್ ಆಡುವ ಆಳಿನಂತಿದ್ದ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಲೋಥಾರನ ಉಡುಪು ಬದಲಾಯಿತು, ಮಾತು ನೆಟ್ಟಗಾಯಿತು, ಅವನು ಮಾಂಡ್ರೇಕನ ಸಮಾನ ಗೆಳೆಯನಾದ. ಕಥೆ ಅದರ ನಂತರ ದಶಕಗಳ ಕಾಲ ನಡೆಯಿತು. ಲೋಥಾರನ ಹಳೆಯ ಮಾತಿನ ಧಾಟಿ ಬೇಕೆಂದು ಹಟ ಹಿಡಿಯುವ ಓದುಗ ನನಗಂತೂ ಈವರೆಗೆ ಸಿಕ್ಕಿಲ್ಲ.

ಆಗಿನ ಕಾಲ ಹಾಗಿತ್ತು ಎಂಬ ಸಮಾಧಾನ 1936ರ ಪುಟಕ್ಕೆ ಸಲ್ಲುತ್ತದೆ. ಈ ವಾರ ಬರೆದು, ಈ ವಾರ ಬಣ್ಣ ಹಚ್ಚಿದ ಪುಟಕ್ಕೆ ಸಲ್ಲುವುದಿಲ್ಲ. 1999ರಲ್ಲಿ ಲೀ ಫಾಕ್ ತೀರಿಕೊಂಡ ಮೇಲೆ ಬರೆಯುತ್ತ ಬಂದಿರುವ ಟೋನಿ ಡಿಪಾಲ್, ಫ್ಯಾಂಟಮ್‌ನ ಮಗಳು ಹೆಲೊಯಿಸ್‌ಗೆ ದೊಡ್ಡ ಪಾತ್ರ ಕೊಟ್ಟಿದ್ದಾರೆ, ಅದು ಮೆಚ್ಚತಕ್ಕದ್ದೇ. ಆದರೆ ಸಿಂಹಾಸನಕ್ಕೆ ಮಗನೋ ಮಗಳೋ ಎಂಬುದು ಆ ಮನೆಯೊಳಗಿನ ಪ್ರಶ್ನೆ. ಗುರಾನ್ ಯಾವಾಗ ಕುಳಿತುಕೊಳ್ಳುತ್ತಾನೆ ಎಂಬುದನ್ನು ಕೇಳುವವರು ಆ ಕಥೆಯಲ್ಲಿ ಇನ್ನೂ ಬೇಕಾಗಿದ್ದಾರೆ.

ಹಳೆಯ ಚಿತ್ರಕಥೆಗಳನ್ನು ಮರುಮುದ್ರಿಸುವ ನಮ್ಮ ಪ್ರಕಾಶಕರಲ್ಲಿ ನನ್ನ ಕೋರಿಕೆ ಸಣ್ಣದು. ಕತ್ತರಿಯನ್ನು ಕೆಳಗಿಡಲಿ. ಸಿಂಗ್ ಕಡಲ್ಗಳ್ಳರೂ ರಾಮನೆಂಬ ಕೊಲೆಗಾರನೂ ಮೂಲದಲ್ಲಿದ್ದಂತೆಯೇ ಅಚ್ಚಾಗಲಿ, ನಮಗೆ ಇರಿಸುಮುರಿಸಾದರೆ ಆಗಲಿ. ಪ್ರತಿ ಕಥೆಯ ತಲೆಯಲ್ಲಿ ಅದು ಮೊದಲು ಪ್ರಕಟವಾದ ವರ್ಷವನ್ನೂ, ಭಾರತೀಯ ಆವೃತ್ತಿಯಲ್ಲಿ ಹಿಂದೆ ಏನನ್ನು ಬದಲಿಸಲಾಗಿತ್ತು ಎಂಬುದನ್ನೂ ನಾಲ್ಕು ಸಾಲಿನಲ್ಲಿ ನಮೂದಿಸಲಿ. ಹೊಸ ಕಂತುಗಳನ್ನು ಕೊಂಡು ಪ್ರಕಟಿಸುವ ಪತ್ರಿಕೆಗಳು, ಹೊಸ ಲೇಖಕನ ಹಸ್ತಪ್ರತಿಗೆ ಕೇಳುವ ಪ್ರಶ್ನೆಗಳನ್ನೇ ಅವುಗಳಿಗೂ ಕೇಳಲಿ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ