ಜೋಗ ಬರೆಸಬೇಡ, ರಾಘು

ಪ್ರಿಯ ರಾಘು,

ಸಾಗರಕ್ಕೆ ಬರುವ ಪ್ರವಾಸಿಗರ ಕಣ್ಣಿಗೆ ಬೀಳುವಂತೆ ಶಾಲೆಯ ಕಾಂಪೌಂಡ್ ಗೋಡೆಯ ಉದ್ದಕ್ಕೂ ಜೋಗ ಜಲಪಾತ ಬರೆಸುವ ಯೋಚನೆ ಇದೆ, ಬೆಂಗಳೂರಿನಿಂದ ಒಳ್ಳೆಯ ಪೇಂಟರ್ ಸಿಗಬಹುದೇ ಎಂದು ಕೇಳಿದ್ದೀಯ. ಸಿಗುತ್ತಾರೆ. ಆದರೆ ದಯವಿಟ್ಟು ಜೋಗ ಬರೆಸಬೇಡ.

ನಮ್ಮಲ್ಲಿ ಇದು ಒಮ್ಮೆ ಆಗಿಹೋಗಿದೆ. 2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರ ಕೈಗೆ ಮತ್ತೆ ಕುಂಚ ಬಂತು. ಆ ಒಂದು ಕಾರಣಕ್ಕೆ ಆ ಯೋಜನೆಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಚೌಕಳಿ ಗೆರೆ ಎಳೆದುಕೊಂಡು ಅಂಗೈಯಗಲದ ಫೋಟೊವನ್ನು ಆಳೆತ್ತರಕ್ಕೆ ಏರಿಸುವುದು ಸುಲಭದ ವಿದ್ಯೆಯಲ್ಲ. ಆದರೆ ಅವರಿಂದ ಬರೆಸಿದ್ದೇನು? ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿ, ಆನೆ, ಜಲಪಾತ. ಬಡಾವಣೆ ಯಾವುದಾದರೂ ಚಿತ್ರ ಮಾತ್ರ ಅದೇ. ಆ ಗೋಡೆಗೆ ಒರಗಿ ಹೂ ಕಟ್ಟುವವರ, ಪಂಕ್ಚರ್ ಹಾಕುವವರ ಬದುಕಿನ ಸುಳಿವೇ ಅಲ್ಲಿರಲಿಲ್ಲ. ಹಾಗಾಗಿ ಎಷ್ಟೋ ಕಡೆ ಬಣ್ಣ ಚಕ್ಕೆ ಎದ್ದಾಗ, ಮೇಲೆ ಪೋಸ್ಟರ್ ಬಿದ್ದಾಗ ಯಾರಿಗೂ ಏನೂ ಅನ್ನಿಸಲಿಲ್ಲ.

ಹಾದುಹೋಗುವವರಿಗಾಗಿ ಊರನ್ನು ಚಿತ್ರಿಸುವುದು ಹಳೆಯ ರೂಢಿ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಬಂದವು. ಕೋಟೆ, ಬೆಟ್ಟ ಎಲ್ಲವೂ ಸೊಗಸಾಗಿವೆ. ಆದರೆ ಅವು ಅವರ ದೇಶದವರು ಕೂತು ನೋಡಲು ಬರೆದವು. ಅದರ ಪಕ್ಕಕ್ಕೆ ರುಮಾಲೆ ಚೆನ್ನಬಸವಯ್ಯನವರನ್ನು (1910–1988) ಇಟ್ಟು ನೋಡು. ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೆ ನಡೆಸಿದವರು. ಬಯಲಲ್ಲೇ ಕೂತು ಬೆಂಗಳೂರಿನ ಹೂಮರಗಳನ್ನು ಬರೆದರು. ಅವರ ಕ್ಯಾನ್ವಾಸಿಗೆ ಮುಖ ಹತ್ತಿರ ಒಯ್ದರೆ ಮರ ಕಾಣುವುದಿಲ್ಲ, ಗಟ್ಟಿಯಾಗಿ ಮೆತ್ತಿದ ಬಣ್ಣದ ಉಬ್ಬುತಗ್ಗುಗಳಷ್ಟೇ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ರಸ್ತೆಯಂಚಿನಲ್ಲಿ ಮರವೊಂದು ಮೈತುಂಬ ಅರಳಿ ನಿಂತಿರುತ್ತದೆ. ದಿನಾ ಅದರ ಕೆಳಗೆ ಓಡಾಡಿದವನಿಗೆ ಮಾತ್ರ ಒಲಿಯುವ ಮರ ಅದು.

ಬೀದಿಯ ಕಲೆಯಲ್ಲೂ ಹೀಗೆಯೇ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಇಲ್ಲಿನ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಬಿಟ್ಟರಲ್ಲ, ಅದು ಆ ರಸ್ತೆಯವರ ಸಂಕಟದಿಂದಲೇ ಹುಟ್ಟಿದ ಕೃತಿ. ಗುಂಡಿಯೂ ಮುಚ್ಚಿತು! 2016ರಲ್ಲಿ ಇಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ಬಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ನಿಲ್ಲುತ್ತಾರೆ. ತಮ್ಮನ್ನು ಕಂಡರೆ ದಾರಿ ಬದಲಿಸುವ ಜನರ ನಡುವೆ, ಹಾಡುಹಗಲಲ್ಲಿ. ಚಿತ್ರ ಹೇಗೆ ಬಂತು ಎನ್ನುವುದಕ್ಕಿಂತ ಬರೆದವರು ಯಾರು ಎನ್ನುವುದು ಅಲ್ಲಿ ದೊಡ್ಡದು.

ಈಗ ನಿನ್ನ ಗೋಡೆಯ ಮಾತು. ಚಿತ್ರ ಬರೆಯುವವರನ್ನು ಬೆಂಗಳೂರಿನಲ್ಲಿ ಏಕೆ ಹುಡುಕುತ್ತೀಯ? ಮನೆಗೋಡೆಗೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳು ನಿನ್ನ ಸುತ್ತಲೇ ಇದ್ದಾರೆ. ನಿಮ್ಮೂರಿನ ಮದುವೆ ಮನೆಯಲ್ಲಿ ನಾನು ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಕೈಯಲ್ಲಿ ಪುಂಡಿ ನಾರಿನ ಕುಂಚ. ಆ ಅಜ್ಜಿ ಸ್ಕೇಲಿಲ್ಲದೆ ಎಳೆದ ಗೆರೆಗಳು ಒಂದರ ಪಕ್ಕ ಒಂದು, ಕೂದಲೆಳೆಯಷ್ಟೂ ಅಲುಗದೆ ಸಾಗುತ್ತಿದ್ದವು. ಅವರನ್ನು ಕರೆ. ಊರಿನವರೆಂದು ಕಾಫಿ ಕೊಟ್ಟು ಕಳಿಸದೆ, ಬೆಂಗಳೂರಿನ ಪೇಂಟರಿಗೆ ಕೊಡಲಿದ್ದ ಹಣವನ್ನೇ ಕೊಡಿ. ಮಕ್ಕಳು ಅವರ ಪಕ್ಕದಲ್ಲಿ ಕೂತು ಕಲಿಯಲಿ.

ಗೋಡೆಯ ಒಂದು ಭಾಗ ಮಾತ್ರ ಮಕ್ಕಳಿಗೇ ಇರಲಿ. ಅವರು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ಬರೆಯಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದ ಮೇಲೆ ತುಮರಿ ಕಡೆಯವರು ದಶಕಗಳ ಕಾಲ ಅದನ್ನೇ ನಂಬಿ ಬದುಕಿದರು. 2025ರ ಜುಲೈನಲ್ಲಿ ಸೇತುವೆ ಬಂತು, ಒಳ್ಳೆಯದೇ ಆಯಿತು. ಆದರೆ ಬಸ್ಸು, ಬೈಕು, ಜನ ಎಲ್ಲವನ್ನೂ ಹೊತ್ತು ನೀರು ದಾಟುತ್ತಿದ್ದ ಲಾಂಚನ್ನು ಕಣ್ಣಾರೆ ಕಂಡ ಮಕ್ಕಳು ಈಗಿನವರೇ. ಜೋಗ ನೋಡಲು ಬಂದವರು ಜೋಗವನ್ನು ಜೋಗದಲ್ಲೇ ನೋಡುತ್ತಾರೆ. ಶರಾವತಿ ನಿಮ್ಮಿಂದ ಏನು ಪಡೆಯಿತು, ಏನು ಕೊಟ್ಟಿತು ಎಂಬುದನ್ನು ಅವರಿಗೆ ಯಾವ ವೀಕ್ಷಣಾ ಗೋಪುರವೂ ತೋರಿಸುವುದಿಲ್ಲ.

ಒಂದು ಎಚ್ಚರಿಕೆ. ಮಣ್ಣು, ಅಕ್ಕಿ ಹಿಟ್ಟಿನ ಬಣ್ಣ ನಿಮ್ಮ ಮಳೆಗೆ ನಿಲ್ಲುವುದಿಲ್ಲ. ಅದು ಶಾಲೆಯ ಜಗಲಿಯ ಒಳಗೋಡೆಗಿರಲಿ. ಹೊರಗಿನ ಕಾಂಪೌಂಡಿಗೆ ಪಾಚಿ ಕೆರೆದು, ಪ್ರೈಮರ್ ಹೊಡೆದು, ಎಮಲ್ಷನ್ ಬಳಸಿ. ದೀಪಾವಳಿ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಶುರು ಮಾಡಿದರೆ ಸಾಕು. ಮುಖ್ಯೋಪಾಧ್ಯಾಯರು ಒಪ್ಪದಿದ್ದರೆ ನಾನೇ ಬಂದು ಮಾತನಾಡುತ್ತೇನೆ. ಗೋಡೆಯ ಉದ್ದಗಲ ಬರೆದು ಕಳುಹಿಸು, ಬಣ್ಣ ಎಷ್ಟು ಬೇಕಾದೀತೆಂದು ಇಲ್ಲಿ ವಿಚಾರಿಸಿ ತಿಳಿಸುತ್ತೇನೆ.

ನಿನ್ನ,
ಶ್ರೀಧರ
ಬೆಂಗಳೂರು